ಅಕ್ಕನ ಹೊಸ ಕಣ್ಣಿಗೆ ಒಂದು ಗುಡ್ಡ

ಬರ್ರಿ, ಕುಂದರ್ರಿ. ಹಂಗ ತುದಿಗಾಲ ಮ್ಯಾಲ ಕುಂತ್ರ ಆಗಂಗಿಲ್ಲ. ಗ್ವಾಡಿಗೆ ಬೆನ್ನು ಕೊಟ್ಟು ಕಾಲು ಚಾಚ್ರಿ, ಚಹಾ ಬರ್ತೈತಿ. ನಮ್ಮ ಮಂದಿಗೆ ಇಂಥವು ಆಗ್ತಾನೇ ಇರ್ತಾವು. ಕನಕಗಿರಿ ಸಂತಿಗೆ ಹೋಗಬೇಕಾದರೂ ನಾಲ್ಕು ಮಂದಿ ಕೂಡಿ ಐದು ದಾರಿ ಹೇಳ್ತಾರ, ನಾವು ಮುಟ್ಟೂದ್ರೊಳಗ ಸಂತಿ ಮುಗಿದಿರ್ತೈತಿ. ಅಂಥ ಮಂದಿ ಗಾಡಿ ಕಟ್ಟಿಕೊಂಡು ನೇಪಾಳದ ಗಡಿ ದಾಟಿ ಹಿಮದ ಗುಡ್ಡ ನೋಡಿ ಬಂದೆವು ಅಂದರೆ ನೀವು ನಂಬೋದಿಲ್ಲ. ನಂಬಬ್ಯಾಡ್ರಿ. ಕೇಳ್ರಿ, ಸಾಕು.

೧. ಪೊರೆ ತೆಗೆದ ಮೇಲೆ

ನಾನು ಕುಷ್ಟಗಿಯಾಕಿ, ನಮ್ಮಕ್ಕ ಸಿದ್ದಾಪುರದಾಕಿ. ಅವಳ ಊರ ಸುತ್ತ ಕಾಲುವೆ, ಗದ್ದೆ. ಅಲ್ಲಿ ಕತ್ತು ಎತ್ತಿ ನೋಡುವಂಥದ್ದು ಏನಾದರೂ ಇದ್ದರೆ ಅದು ಅಕ್ಕಿ ಗಿರಣಿಯ ಚಿಮಣಿ ಮಾತ್ರ. ಭಾಳ ವರ್ಷ ಮಸುಕಿನಲ್ಲೇ ಸಂಸಾರ ಮಾಡಿದ ಮೇಲೆ ಅಕ್ಕ ಗಂಗಾವತಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಳು. ಪಟ್ಟಿ ಬಿಚ್ಚಿದಾಗ ಎದುರಿಗೆ ನಿಂತಿದ್ದವರು ಅವಳ ಗಂಡ, ನನಗೆ ಮಾಮಾ. ಅಕ್ಕ ಅವರನ್ನೇ ಒಂದು ಗಳಿಗೆ ನೋಡಿ ನನ್ನ ಕಡೆ ತಿರುಗಿದಳು.

"ಇವ್ರು ಯಾರವಾ?"

"ನಿನ್ನ ಗಂಡ ಅದಾರಲ್ಲ," ಅಂದೆ.

"ಇಷ್ಟು ಮುದುಕ ಆಗ್ಯಾರ? ನನಗ ಯಾರೂ ಹೇಳಲೇ ಇಲ್ಲಲ್ಲ!"

ಮನಿಗೆ ಬಂದ ಮೇಲೆ ಕಷ್ಟ ಶುರುವಾಗಿದ್ದು ಅವಳ ಸೊಸಿಗೆ. ಮೂಲಿಯ ಜೇಡರ ಬಲೆ ಕಂಡಿತು. ಕೊಡದ ಕುತ್ತಿಗಿಯ ಕರಿ ಗೆರೆ ಕಂಡಿತು. ದೇವರ ಗೂಡಿನ ಹಿಂದಿನ ಎಣ್ಣೆ ಜಿಡ್ಡು ದೇವರಿಗೂ ಕಂಡಿರಲಿಲ್ಲ, ಅಕ್ಕನಿಗೆ ಕಂಡಿತು. ಎಂಟು ದಿನ ಇದೇ ನಡೆದ ಮೇಲೆ ಅವಳಿಗೇ ಬ್ಯಾಸರ ಬಂತು. "ಇಷ್ಟು ನೋಡಾಕ ಕಣ್ಣು ಮಾಡಿಸ್ಕೊಂಡ್ನೇನು? ಎಲ್ಲೆರ ಕರಕೊಂಡು ಹೋಗಿ ಏನರ ದೊಡ್ಡದು ತೋರಸ್ರಿ. ಸಾಯೂದ್ರೊಳಗ ಈ ಕಣ್ಣು ಒಮ್ಮೆ ಬೆರಗಾಗಬೇಕು," ಅಂದಳು.

ಇಟಗಿಯ ಮಹಾದೇವ ಗುಡಿಗೆ ಕರೆದುಕೊಂಡು ಹೋದೆವು. ಸುತ್ತು ಹಾಕಿದಳು, ಕೈ ಮುಗಿದಳು, ಶಿಖರದ ತನಕ ಕಣ್ಣು ಹಾಯಿಸಿದಳು. ನಾವೆಲ್ಲ ಅವಳ ಮುಖ ನೋಡುತ್ತ ನಿಂತೆವು.

"ಛಲೋ ಐತಿ," ಅಂದಳು. "ಮ್ಯಾಲಿನ ಸಾಲಿನ್ಯಾಗ ಕಸಬರಗಿ ಆಡಿಸಿಲ್ಲ."

ತಿರುಗಿ ಬರುವಾಗ ಸೊಸಿ ನನ್ನ ಕಿವಿಯಲ್ಲಿ ಹೇಳಿದಳು: "ಸಣ್ಣತ್ತಿ, ಕಸಬರಗಿ ಬೇಕಾಗದಂಥಾದ್ದು ಭೂಮಿ ಮ್ಯಾಲ ಒಂದೇ ಐತಿ. ಹಿಮದ ಗುಡ್ಡ. ಅದನ್ನು ನೋಡಿ ಇಕಿ ಸುಮ್ಮನಾಗಲಿಲ್ಲ ಅಂದ್ರ, ನಾನು ತವರಿಗೆ ಹೋಗಿಬಿಡ್ತೀನಿ."

೨. ನೀರು ಹೋದ ದಾರಿ

ಗಾಡಿಗೆ ಗಂಗಾವತಿಯ ಡ್ರೈವರ್ ಭಾಯಿಯನ್ನು ಕರೆಸಿದೆವು. ಮದುವಿ ದಿಬ್ಬಣ, ಕೂಲಿ ಮಂದಿ, ಉರುಸು, ಎಲ್ಲದಕ್ಕೂ ಅವನ ಕ್ರೂಸರ್ ಗಾಡಿಯೇ. ಸಿಂಧನೂರು ರಸ್ತೆಯಲ್ಲಿ ನೆಟ್ಟಗೆ ಓಡಿಸಿ ಓಡಿಸಿ ತನಗೆ ಸ್ಟೇರಿಂಗ್ ತಿರುಗಿಸುವುದೇ ಮರೆತು ಹೋಗಿದೆ ಅಂತ ಅವನ ಕೊರಗು.

ಸೊಸಿ ಫೋನಿನಲ್ಲಿ ಹಿಮದ ಗುಡ್ಡ ಇರುವ ನೇಪಾಳದ ನಕ್ಷೆ ತೆಗೆದು ಚಾಪೆಯ ನಡುವೆ ಇಟ್ಟಳು. ಸಿಲಿಗುರಿ ಅನ್ನುವ ಊರಿನ ತನಕ ಜಗಳವಿಲ್ಲ. ಅಲ್ಲಿಂದ ನೇಪಾಳಕ್ಕೆ ಎರಡು ದಾರಿ. ಕೆಳಗಿನದು ಬಯಲಿನಲ್ಲಿ ನೆಟ್ಟಗೆ ಹೋಗಿ ಸೇತುವೆ ದಾಟುತ್ತದೆ. ಮೇಲಿನದು ಚಹಾ ತೋಟಗಳ ನಡುವೆ ಸುತ್ತಿ ಸುತ್ತಿ ಬೆಟ್ಟದ ನೆತ್ತಿಯಲ್ಲಿ ಗಡಿ ಮುಟ್ಟುತ್ತದೆ. ಹಿಮದ ಗುಡ್ಡ ಕಾಣುವುದು ಮೇಲಿನ ದಾರಿಯಿಂದ.

ಮಾಮಾ ಕಾಲುವೆಗೆ ನೀರು ಬಿಡುವ ನೌಕರಿ ಮಾಡಿ ನಿವೃತ್ತರಾದವರು. "ನೀರಿನಷ್ಟು ಶಾಣೇದು ಯಾವುದೂ ಇಲ್ಲ," ಅಂದರು. "ಅದು ಎಂದರ ಗುಡ್ಡ ಹತ್ತೈತೇನು? ಇಳಿಜಾರು ನೋಡಿ ಹೊಕ್ಕೈತಿ. ಸುಮ್ಮನ ಕೆಳಗಿನ ದಾರಿ ಹಿಡೀರಿ."

"ಯಜಮಾನ್ರ, ನೀರು ಹೋದಂಗ ಹೋದ್ರ ನಾವು ಕಡೀಕ ಸಮುದ್ರದಾಗ ಬೀಳ್ತೀವಿ," ಅಂದ ಡ್ರೈವರ್ ಭಾಯಿ. "ನನ್ನ ಗಾಡಿಗೆ ಅಷ್ಟು ಇನ್ಸೂರೆನ್ಸ್ ಇಲ್ರಿ."

ಅಕ್ಕ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ತೀರ್ಪು ಕೊಟ್ಟಳು. "ನಾ ನೋಡಾಕ ಹೊಂಟೀನಿ, ಮುಟ್ಟಾಕ ಅಲ್ಲ. ಮ್ಯಾಲಿನ ದಾರಿನ ಹಿಡೀರಿ."

ಮಾಮಾ ಕಡೆಯ ಅಸ್ತ್ರ ಬಿಟ್ಟರು. "ಅಷ್ಟು ತಿರುವಿಗೆ ನಿನಗ ವಾಂತಿ ಆದ್ರ?"

ಅಕ್ಕ ತನ್ನ ಜೀವಮಾನದಲ್ಲಿ ಒಂದು ತಿರುವನ್ನೂ ಕಂಡವಳಲ್ಲ.

೩. ಕಣದಲ್ಲಿ ತಾಲೀಮು

"ಪರೀಕ್ಷಾ ಮಾಡೂಣು," ಅಂದ ಡ್ರೈವರ್ ಭಾಯಿ. ಆದರೆ ಸಿದ್ದಾಪುರದಲ್ಲಿ ತಿರುವು ಎಲ್ಲಿಂದ ತರೋದು? ಕಾಲುವೆ ನೆಟ್ಟಗೆ, ರಸ್ತೆ ಅದರ ಮಗ್ಗಲಿಗೆ. ಭತ್ತ ಒಣಗಿಸುವ ಕಣ ಖಾಲಿ ಇತ್ತು. ನಡುವೆ ಒಂದು ಡ್ರಮ್ಮು ಇಟ್ಟು, ಹಿಂದಿನ ಕಾಲದಲ್ಲಿ ಮೇಟಿ ಕಂಬದ ಸುತ್ತ ಎತ್ತು ತಿರುಗುತ್ತಿದ್ದ ಹಾಗೆ ಕ್ರೂಸರ್ ತಿರುಗಿಸಲು ಶುರು ಮಾಡಿದ. ಎಡಕ್ಕೆ ಒಂದಷ್ಟು ಸುತ್ತು, ಬಲಕ್ಕೆ ಒಂದಷ್ಟು ಸುತ್ತು. ಅಕ್ಕ ಮುಂದಿನ ಸೀಟಿನಲ್ಲಿ ಪಲ್ಲಕ್ಕಿಯಲ್ಲಿ ಕುಂತ ಹಾಗೆ ಕುಂತಿದ್ದಳು. ಸುಳ್ಳು ಹೇಳ್ಯಾಳು ಅಂತ ಮಾಮಾ ಸಾಕ್ಷಿಗೆ ಹಿಂದೆ ಕುಂತಿದ್ದರು.

"ಇನ್ನೂ ಜೋರ ಬಿಡಪ್ಪಾ, ಗಾಳಿ ಛಲೋ ಬರ್ತೈತಿ," ಅಂದಳು ಅಕ್ಕ.

ಜೋರು ಬಿಟ್ಟ. ಹಿಂದಿನ ಕಿಟಕಿಯಿಂದ ಮಾಮಾನ ತಲೆ ಹೊರಗೆ ಬಂತು. ಆ ಮೇಲೆ ಬೆಳಿಗ್ಗೆ ಉಂಡದ್ದೆಲ್ಲ ಬಂತು.

ಹುಲ್ಲಿನ ಹೊರೆ ಹೊತ್ತು ಹೊಂಟಿದ್ದ ಒಬ್ಬ ನಿಂತು ನೋಡಿದ. "ಏನು ಒಕ್ಕಾಕತ್ತೀರೋ ಭಾಯಿ?"

"ಯಜಮಾನ್ರನ್ನ," ಅಂದ ಡ್ರೈವರ್ ಭಾಯಿ.

೪. ಉತ್ತರ ಶೂಲಿ

ಹೊರಡುವ ದಿನ ಮಂಗಳವಾರ ಬಂತು. ಮುಂದೂಡಲು ಆಗುತ್ತಿರಲಿಲ್ಲ, ತಿರುಗಿ ಬಂದ ಮೇಲೆ ಡ್ರೈವರ್ ಭಾಯಿಗೆ ಒಂದು ದಿಬ್ಬಣದ ಬಾಡಿಗೆ ಗೊತ್ತಾಗಿತ್ತು. ಅಕ್ಕನ ಮಗ ಅಕ್ಕಿ ಗಿರಣಿಯ ಕೆಲಸ ಬಿಟ್ಟು ಬರಲಾರೆ ಅಂದ. ನಾವು ನಾಲ್ವರು ರೊಟ್ಟಿ ಗಂಟು, ಕಂಬಳಿ ಹಾಕಿಕೊಂಡು ಗಾಡಿ ಹತ್ತಿದೆವು. ಮಾಮಾ ಹತ್ತಲಿಲ್ಲ.

"ಮಂಗಳವಾರ ಉತ್ತರಕ್ಕ ಶೂಲಿ ಐತಿ. ಎದುರಾಗಿ ಹೋದ್ರ ಚುಚ್ಚತೈತಿ."

"ಮಾವಾರ, ಗುಡ್ಡ ಇರೂದ ಉತ್ತರಕ್ಕ," ಅಂದಳು ಸೊಸಿ.

ಮಾಮಾ ಒಂದು ಉಪಾಯ ತೆಗೆದರು. ಶೂಲಿ ಚುಚ್ಚುವುದು ಮುಖ ಕೊಟ್ಟವರಿಗೆ. ಬೆನ್ನು ಕೊಟ್ಟವರಿಗೆ ಚುಚ್ಚುತ್ತದೆ ಅಂತ ಯಾವ ಹಿರಿಯರೂ ಹೇಳಿಲ್ಲ. ಊರ ಸೀಮಿ ದಾಟುವ ತನಕ ಗಾಡಿ ಹಿಂದಕ್ಕೆ ಹೋದರೆ ಆಯಿತು.

ಡ್ರೈವರ್ ಭಾಯಿ ಕತ್ತು ಹಿಂದಕ್ಕೆ ತಿರುವಿ, ಸಿದ್ದಾಪುರದಿಂದ ನೇಪಾಳಕ್ಕೆ ರಿವರ್ಸ್ ಗೇರಿನಲ್ಲಿ ಹೊರಟ. ನಾವೆಲ್ಲ ದಕ್ಷಿಣಕ್ಕೆ ಮುಖ ಮಾಡಿ, ಊರು ದೂರ ಹೋಗುವುದನ್ನು ನೋಡುತ್ತ ಕುಂತೆವು. ಒಂದು ಕುರಿ ಹಿಂಡು ದಾರಿ ಬಿಟ್ಟು ನಿಂತು ನಮ್ಮನ್ನೇ ನೋಡಿತು. ಸೀಮಿಯ ಹತ್ತಿರ ಚಹಾ ಅಂಗಡಿಯವನು ಊರ ಕಡೆ ಮುಖ ಮಾಡಿದ ಗಾಡಿ ನೋಡಿ, ಖುಷಿಯಿಂದ ಕೈ ಎತ್ತಿದ.

"ಬಂದ್ರ್ಯಾ? ಹೆಂಗಿತ್ರಿ ಗುಡ್ಡ?"

ಮಾಮಾ ಇದನ್ನೆಲ್ಲ ಯಾರು ಬಿಡಿಸಿ ಹೇಳಬೇಕು ಅಂದುಕೊಂಡರೋ ಏನೋ. "ಛಲೋ ಇತ್ತು. ಥಂಡಿ ಭಾಳ," ಅಂದರು.

೫. ಗಡಿಯಲ್ಲಿ ರೊಟ್ಟಿ

ದಾರಿ ಉದ್ದಕ್ಕೂ ಏನೇನು ಆಯಿತು ಅಂತ ಹೇಳುತ್ತ ಕುಂತರೆ ನಿಮ್ಮ ಚಹಾ ಆರುತ್ತದೆ. ಸಿಲಿಗುರಿ ದಾಟಿ ಮೇಲಿನ ದಾರಿ ಹಿಡಿದೆವು. ಎಂಥ ಚಹಾ ತೋಟ, ಎಂಥ ತಿರುವು! ಡ್ರೈವರ್ ಭಾಯಿ ಸ್ಟೇರಿಂಗ್ ತಿರುವಿದಾಗೊಮ್ಮೆ ನಗುತ್ತಿದ್ದ. ಮಾಮಾ ಕಣ್ಣು ಮುಚ್ಚಿ ನಿಂಬಿಹಣ್ಣು ಮೂಸುತ್ತ ಕುಂತಿದ್ದರು. ಹಾಗಾಗಿ ಅವರ ಪಾಲಿನ ಚಹಾ ತೋಟವನ್ನೂ ನಾನೇ ನೋಡಿದೆ.

ನೆತ್ತಿಯ ಮೇಲೆ ಗಡಿಯ ಗೇಟು. ನಮ್ಮ ಗುರುತಿನ ಚೀಟಿ, ಗಾಡಿಯ ಕಾಗದ ಎಲ್ಲ ನೋಡಿದ ಮೇಲೆ ಸಿಪಾಯಿ ಗಂಟು ಬಿಚ್ಚಿಸಿದ. ಒಳಗೆ ಒಣಗಿಸಿದ ಕಟಕ ಜೋಳದ ರೊಟ್ಟಿಯ ದೊಡ್ಡ ಅಟ್ಟಿ. ಒಂದನ್ನು ಎತ್ತಿ ಬೆರಳಿನಿಂದ ಬಡಿದ. ಟಣ್ ಅಂತು. ಹಿಂದಿಯಲ್ಲಿ ಏನೋ ಕೇಳಿದ.

"ಏನಂತಾನ?" ಅಂದಳು ಅಕ್ಕ.

"ಇದನ್ನ ಮನಿ ಮ್ಯಾಲ ಹೊದಿಸ್ತೀರೇನು ಅಂತ ಕೇಳ್ತಾನ ದೊಡ್ಡವ್ವ," ಅಂದ ಡ್ರೈವರ್ ಭಾಯಿ.

ಅಕ್ಕ ರೊಟ್ಟಿ ಮುರಿದು, ಶೇಂಗಾ ಹಿಂಡಿ, ಮೇಲೊಂದು ಹಸಿಮೆಣಸಿನಕಾಯಿ ಇಟ್ಟು ಕೊಟ್ಟಳು. ಅವನು ತಿಂದ. ಕಣ್ಣಲ್ಲಿ ನೀರು ಬಂತು, ಮತ್ತೂ ತಿಂದ. ಆ ಮೇಲೆ, ಇದು ಮಾಡಿ ಎಷ್ಟು ದಿನವಾಯಿತು ಅಂತ ಕೇಳಿದ.

"ಇನ್ನೂ ಎಳೇವು ಅದಾವು ಅಂತ ಹೇಳು," ಅಂದಳು ಅಕ್ಕ. "ಎಂಟ ದಿನ ಆತು."

೬. ಮಂಜು

ಗೇಟು ದಾಟಿದ ಕೂಡಲೇ ಬೆಟ್ಟದ ಅಂಚಿನ ಮೇಲೆ ಒಂದು ಮನಿ. ಒಬ್ಬ ನೇಪಾಳಿ ಹೆಣ್ಣುಮಗಳು ಅಲ್ಲಿ ಬಂದವರಿಗೆ ಊಟ, ವಸ್ತಿ ಕೊಡುತ್ತಾಳೆ. ಅಂಗಳಕ್ಕೆ ಕರೆದುಕೊಂಡು ಹೋಗಿ, "ಕಾಂಚನಗಂಗಾ ಅಲ್ಲೇ ಐತಿ" ಅಂತ ಕೈ ಮಾಡಿ ತೋರಿಸಿದಳು. ಅವಳ ಕೈ ಮುಂದೆ ಬರೇ ಮಂಜು. ಹತ್ತಿ ಗಿರಣಿಯ ಒಳಗೆ ನಿಂತ ಹಾಗೆ.

ಆ ದಿನ ಮಂಜು. ಮರುದಿನವೂ ಮಂಜು. ಮಾಮಾನ ತಾಳ್ಮೆ ಮುಗಿಯಿತು. "ಇದ ಗುಡ್ಡ ಅಂತ ತಿಳ್ಕೊ. ಬೆಳ್ಳಗೈತಿ, ದೊಡ್ಡದೈತಿ. ಇನ್ನೇನು ಬೇಕು?"

"ಇಂಥಾದ್ದು ನನಗ ಆಪರೇಷನ್ ಮಾಡಿಸೂ ಮೊದಲೂ ದಿನಾ ಕಾಣ್ತಿತ್ತು," ಅಂದಳು ಅಕ್ಕ.

ಮೂರನೆಯ ಬೆಳಿಗ್ಗೆ ಹೊರಡಲೇಬೇಕು. ದಿಬ್ಬಣದ ಮನಿಯವರು ಡ್ರೈವರ್ ಭಾಯಿಗೆ ಮೇಲಿಂದ ಮೇಲೆ ಫೋನು ಹಚ್ಚುತ್ತಿದ್ದರು. ಸಾಮಾನು ಗಾಡಿಗೆ ಏರಿತು. ಅಕ್ಕ ಏರಲಿಲ್ಲ. ಅಂಗಳದ ಕಲ್ಲಿನ ಮೇಲೆ ಸೆರಗು ಹೊದ್ದು ಕುಂತುಬಿಟ್ಟಳು.

"ಎಲ್ಲೀತನ ಕಾಯಾಕಿ?" ಅಂದರು ಮಾಮಾ.

"ನೀವು ನೀರು ಬಿಟ್ಟೀನಿ, ಬರ್ತೈತಿ, ಬರ್ತೈತಿ ಅಂದಾಗ ನಾ ಗದ್ದಿ ಬದುವಿನ ಮ್ಯಾಲ ಎಲ್ಲೀತನ ಕಾಯ್ತಿದ್ದೆ? ಅಲ್ಲೀತನ."

ಮಾಮಾ ಬಂದು ಅವಳ ಮಗ್ಗಲಿಗೆ ಕುಂತರು. ಡ್ರೈವರ್ ಭಾಯಿ ಫೋನು ಜೇಬಿಗೆ ಹಾಕಿದ. ಸೊಸಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ತವರಿಗೆ ಹೋಗುವ ಪ್ರಸಂಗ ಬಾರದಿರಲಿ ಅಂತ ಬೇಡಿಕೊಳ್ಳುತ್ತಿದ್ದಳೋ, ಬರಲಿ ಅಂತಲೋ, ನಾನು ಕೇಳಲಿಲ್ಲ.

ಆಗ ಗಾಳಿ ಬೀಸಿತು. ಮಂಜು ಪರದೆ ಸರಿದ ಹಾಗೆ ಸರಿಯಿತು. ನಾವು ನಮ್ಮ ಎದುರಿಗೆ ನೋಡುತ್ತಿದ್ದೆವು, ಗುಡ್ಡ ಇದ್ದದ್ದು ಮೇಲೆ. ಮೋಡ ಇರಬೇಕಾದ ಜಾಗದಲ್ಲಿ. ಬಿಸಿಲು ಬಿದ್ದು ಉರಿಯುವ ಬೆಳ್ಳಿಯ ಹಾಗೆ. ಡ್ರೈವರ್ ಭಾಯಿ "ಸುಭಾನಲ್ಲಾ" ಅಂದ. ಮಾಮಾನ ಕೈಯಿಂದ ನಿಂಬಿಹಣ್ಣು ಬಿದ್ದು ಉರುಳಿತು. ನನಗೆ ಕಣ್ಣಲ್ಲಿ ನೀರು ಬಂದು ಏನೂ ಕಾಣಲಿಲ್ಲ.

ಅಕ್ಕನ ಬಾಯಿ ತೆರೆದಿತ್ತು. ಕಣ್ಣು ಮಿಟುಕಿಸಲಿಲ್ಲ. ಭಾಳ ಹೊತ್ತು. ಸೊಸಿ ಗುಡ್ಡ ಬಿಟ್ಟು ಅತ್ತಿಯ ಮುಖವನ್ನೇ ನೋಡುತ್ತಿದ್ದಳು.

ಕಡೆಗೆ ಅಕ್ಕ ನಿಧಾನಕ್ಕೆ ಕೈ ಎತ್ತಿದಳು. "ಆ ಎಡಕ, ನಡುವ. ಅಲ್ಲಿ ಕರ್ರಗೈತಿ ನೋಡು. ಸುಣ್ಣ ಹತ್ತಿಲ್ಲ."

ನಿಜ. ಹಿಮ ನಿಲ್ಲದ ಕಡಿದಾದ ಬಂಡೆ ಅದು. ಸೊಸಿ ಕಲ್ಲಿನ ಮೇಲೆ ಕುಸಿದು ಕುಂತಳು. ಮಾಮಾ ಏನಾದರೂ ಹೇಳಬೇಕಲ್ಲ ಅಂತ, "ಈ ಗುಡ್ಡ ಯಾರದು? ನಮ್ಮದೋ, ಇವರದೋ?" ಅಂತ ಕೇಳಿಸಿದರು. ಮನಿಯ ಹೆಣ್ಣುಮಗಳು ನಗುತ್ತ ಹೇಳಿದ್ದನ್ನು ಡ್ರೈವರ್ ಭಾಯಿ ಕನ್ನಡದಲ್ಲಿ ಹೇಳಿದ: "ಅರ್ಧ ನಮ್ಮದಂತ್ರಿ, ಅರ್ಧ ಇವರದಂತ. ಗಡಿ ಅದರ ನೆತ್ತಿ ಮ್ಯಾಲ ಹಾದು ಹೋಗೈತಂತ."

ಅಕ್ಕನ ಮುಖ ಒಮ್ಮೆಲೇ ತಿಳಿಯಾಯಿತು.

"ಹಂಗನ್ನು ಮತ್ತ! ಪಾಲಾದ ಮನಿಯ ನಡು ಗ್ವಾಡಿ ಅದು. ಅಣ್ಣ ಹಚ್ಚಲಿ ಅಂತ ತಮ್ಮ, ತಮ್ಮ ಹಚ್ಚಲಿ ಅಂತ ಅಣ್ಣ. ಅದಕ್ಕ ಯಾರು ಸುಣ್ಣ ಹಚ್ತಾರ? ಪಾಪ, ಗುಡ್ಡದ್ದೇನು ತಪ್ಪಿಲ್ಲ." ಅಂದು ಎರಡೂ ಕೈ ಜೋಡಿಸಿ ನೆತ್ತಿಗೆ ಮುಟ್ಟಿಸಿದಳು. "ನೋಡಿದ್ದು ಸಾರ್ಥಕ ಆತು. ನಡೀರಿ."

ಈಗ ಯಾರು ಏನಾದರು ಅಂತ ಹೇಳಿ ಮುಗಿಸ್ತೀನಿ. ದಿಬ್ಬಣಕ್ಕೆ ಡ್ರೈವರ್ ಭಾಯಿ ಮುಟ್ಟಿದಾಗ ಅಕ್ಷತೆ ಬಿದ್ದಾಗಿತ್ತು, ಊಟಕ್ಕೆ ಮಾತ್ರ ಸರಿಯಾಗಿ ಸಿಕ್ಕ. ಈಗ ಎಲ್ಲಿಗೆ ಬಾಡಿಗೆ ಹೇಳಿದರೂ "ಅಲ್ಲಿ ತಿರುವು ಅದಾವೇನ್ರಿ?" ಅಂತ ಮೊದಲು ಕೇಳ್ತಾನ. ಮಾಮಾ ಮೇಲಿನ ದಾರಿ ಆರಿಸಿದ್ದು ತಾವೇ ಅಂತ ಊರೆಲ್ಲ ಹೇಳಿಕೊಂಡು ಬಂದಾರ, ನಾವು ಯಾರೂ ತಿದ್ದಲಿಲ್ಲ. ಸೊಸಿ ತವರಿಗೆ ಹೋಗಲಿಲ್ಲ. "ಕಾಂಚನಗಂಗಾದಾಗೂ ಕೊರತಿ ತೆಗೆದಾಕಿ ನನ್ನ ಕೊಡ ತಂಬಿಗೆ ಬಿಡ್ತಾಳೇನು?" ಅಂದುಕೊಂಡ ದಿನದಿಂದ ಅವಳಿಗೆ ನಿದ್ದಿ ಛಲೋ ಹತ್ತಾಕತ್ತೈತಿ. ನಾನು ಹೀಂಗ ಗ್ವಾಡಿಗೆ ಬೆನ್ನು ಕೊಟ್ಟು ಬಂದವರಿಗೆಲ್ಲ ಇದನ್ನ ಹೇಳ್ಕೋತ ಅದೀನಿ.

ಅಕ್ಕ ಆರಾಮ ಅದಾಳ. ಅವಳಿಗೆ ಆಪರೇಷನ್ ಆಗಿದ್ದು ಬಲಗಣ್ಣು. ಎಡಗಣ್ಣಿನ ಪೊರೆ ಇನ್ನೂ ಬಲೀಲಿ ಅಂದಾರ ಡಾಕ್ಟರು. ಅದು ಬಲಿಯೂದ್ರೊಳಗ ಕಾಂಚನಗಂಗಾಕ್ಕಿಂತ ದೊಡ್ಡದು, ಒಬ್ಬರ ಪಾಲಿಗೇ ಪೂರ್ತಿ ಇದ್ದದ್ದು, ಎಲ್ಲೆರ ಐತೇನು ಅಂತ ಮನಿಮಂದಿಯೆಲ್ಲ ಹುಡುಕಾಕತ್ತಾರ.