ಹೊಸ ಅಕ್ಕಿ ಮತ್ತು ನನ್ನ ಇಂಗ್ಲಿಷ್ ಪೇಪರು

ದೇವರಿಗೆ ಕೃತಜ್ಞತೆ ಹೇಳುವುದು ಸುಲಭ. ಆದರೆ ಅದನ್ನು ನಾಲ್ಕು ಜನರ ಮುಂದೆ ವಿವರಗಳ ಸಮೇತ ಹೇಳುವುದು ಕಷ್ಟ. ವಿವರಗಳಿಲ್ಲದ ಕೃತಜ್ಞತೆಯಲ್ಲಿ ನಾನು ಪಳಗಿದವನು. ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ ವಂದನಾರ್ಪಣೆಗೆ ನನ್ನನ್ನೇ ನಿಲ್ಲಿಸುತ್ತಿದ್ದರು. ಸಾಹೇಬರಿಂದ ಹಿಡಿದು ಬೋಂಡ ತಂದುಕೊಟ್ಟವನವರೆಗೆ ಎಲ್ಲರಿಗೂ ಹೃತ್ಪೂರ್ವಕ ವಂದನೆ ಸಲ್ಲಿಸಿ, ಯಾರಿಗೆ ಯಾತಕ್ಕೆ ಎಂಬುದು ಯಾರಿಗೂ ತಿಳಿಯದಂತೆ ಮುಗಿಸುವುದು ನನಗೆ ಅಭ್ಯಾಸವಾಗಿತ್ತು. ನಮ್ಮಪ್ಪನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಅವರ ಕೃತಜ್ಞತೆಯಲ್ಲಿ ಇದ್ದುದೆಲ್ಲ ವಿವರಗಳೇ.

ಅಪ್ಪ ಇನ್ನಾಸಪ್ಪ ಗಾರೆ ಕೆಲಸದವರು. ಹಲಸೂರು, ಇಂದಿರಾನಗರದ ಎಷ್ಟೋ ಮನೆಗಳ ಗೋಡೆಗಳು ಅವರ ಕೈಯಲ್ಲಿ ಎದ್ದವು. ಕೊನೆಗೆ ಕೆ.ಆರ್. ಪುರದಲ್ಲಿ ನಮ್ಮದೇ ಮೂರು ಕೋಣೆಗಳ ಮನೆಯನ್ನೂ ಅವರೇ ಕಟ್ಟಿದರು. ಅವರ ಸಹಿ ಎಂದರೆ ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಅದಕ್ಕೂ ಮೊದಲು ಕಾಲೇಜಿನ ಮೆಟ್ಟಿಲಿಗೆ ಸಿಮೆಂಟು ಹಾಕಿದವರು ಮಾತ್ರ ಇದ್ದರು. ಹಗಲು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಬಿಚ್ಚಿ ಮಡಚಿ, ಸಂಜೆ ಕಾಲೇಜಿನಲ್ಲಿ ತೂಕಡಿಸಿ ನಾನು ಬಿ.ಎ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದುವೆಯ ಆಮಂತ್ರಣದಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಹಾಕಿಸಿದ್ದಲ್ಲದೆ, ಆ ಎರಡು ಅಕ್ಷರ ಸ್ವಲ್ಪ ದಪ್ಪ ಬರಲಿ ಎಂದು ಪ್ರೆಸ್ಸಿನವನಿಗೆ ಹೇಳಿದವನು ನಾನು.

ನನ್ನ ಹೆಂಡತಿ ಲೀನಾ ಮಂಗಳೂರಿನ ಕಡೆಯವಳು. ನಾವು ಬೆಂಗಳೂರಿನ ಕಥೋಲಿಕರು ಸೆಪ್ಟೆಂಬರ್ ಎಂಟರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರಕ್ಕೆ ಹೋಗಿ, ಜನಸಾಗರದಲ್ಲಿ ತೇಲಿ, ಮೇಣದ ಬತ್ತಿ ಹಚ್ಚಿ ಬರುತ್ತಿದ್ದೆವು. ಅವಳು ಬಂದ ಮೇಲೆ ಆ ದಿನ ನಮ್ಮ ಮನೆಯಲ್ಲಿ ತೆನೆ ಹಬ್ಬವೂ ಆಯಿತು. ಅವಳ ಅಣ್ಣ ಊರಿನ ಗದ್ದೆಯ ಹೊಸ ಭತ್ತದ ತೆನೆಗಳನ್ನು ಬಸ್ಸಿನಲ್ಲಿ ಕಳಿಸುತ್ತಾನೆ. ಚರ್ಚಿನಲ್ಲಿ ಅದಕ್ಕೆ ಆಶೀರ್ವಾದವಾಗುತ್ತದೆ. ಮನೆಗೆ ತಂದು ಕಾಳು ಸುಲಿದು, ಪುಡಿ ಮಾಡಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸುತ್ತಾರೆ. ಮನೆಯ ಹಿರಿಯರು ವರ್ಷದ ಕೃತಜ್ಞತೆಯನ್ನು ದೇವರಿಗೆ ಒಪ್ಪಿಸಿ, ಅದನ್ನು ಒಂದೊಂದೇ ಚಮಚೆ ಎಲ್ಲರಿಗೂ ಕೊಡಬೇಕು. ಅದು ನಾಲಿಗೆಗೆ ಬೀಳುವ ತನಕ ಊಟವಿಲ್ಲ. ಊಟದಲ್ಲಿ ಮೀನು ಮಾಂಸ ಇಲ್ಲ, ಬರೀ ತರಕಾರಿ. ಅದೂ ಐದೋ ಏಳೋ ಬಗೆ, ಒಟ್ಟಿನಲ್ಲಿ ಬೆಸ ಸಂಖ್ಯೆ.

ಅರವತ್ತು ದಾಟಿದ ಮೇಲೆ ಕಲಿತ ಈ ಪದ್ಧತಿಯನ್ನು ಅಪ್ಪ ಎಷ್ಟು ಹಚ್ಚಿಕೊಂಡರೆಂದರೆ, ಆಗಸ್ಟ್ ಬಂತೆಂದರೆ "ಏನಮ್ಮಾ ಲೀನಾ, ನಿಮ್ಮಣ್ಣಂಗೆ ಫೋನ್ ಮಾಡ್ದಾ?" ಎಂದು ದಿನಾ ಕೇಳುವರು. ಹಬ್ಬದ ದಿನ ಬಿಳಿ ಪಂಚೆ ಉಟ್ಟು, ಬಟ್ಟಲು ಹಿಡಿದು ನಿಂತು ಕಣ್ಣು ಮುಚ್ಚುವರು. "ಸ್ವಾಮಿ, ಮಳೆಗೆ ಹಿಂದ್ಗಡೆ ಗೋಡೆ ಬೀಳ್ಲಿಲ್ಲ, ಅದಕ್ಕೆ. ಗೋಡೆ ಕಟ್ಟೋವಾಗ ಸಾರ್ವೆ ಮೇಲಿಂದ ಬಿದ್ದು ಕಾಲು ಮುರ್ಕೊಂಡಾಗ ಶಿವಾಜಿನಗರದ ಸಾಬರ ಮನೆ ಅಮ್ಮ ಹದಿನೈದು ದಿನ ಗಂಜಿ ಕಳಿಸಿದ್ರು, ಅದಕ್ಕೆ. ನನ್ನ ಹೆಂಡ್ತಿ ನರಳ್ದೇನೇ ನಿನ್ನತ್ರ ಬಂದ್ಳು, ಅದಕ್ಕೆ." ಹೀಗೆ ಅದಕ್ಕೆ, ಅದಕ್ಕೆ ಎಂದು ಕಾಲು ಗಂಟೆ. ಪ್ರತಿ ವರ್ಷ ತಪ್ಪದೆ ಕೊನೆಯಲ್ಲಿ ಬರುತ್ತಿದ್ದದ್ದು ಇದು: "ನನ್ನ ಮಗ ಇಂಗ್ಲೀಷಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಪಾಸಾದ, ಅದಕ್ಕೆ."

ಮನೆಯವರ ಮಟ್ಟಿಗೆ ಇದು ಸಹಿಸಬಹುದಾದ ವಿಷಯ. ತೊಂದರೆ ಶುರುವಾದದ್ದು ನಾನು ಪಾಟೀಲರನ್ನು ಊಟಕ್ಕೆ ಕರೆದ ವರ್ಷ. ಕೆ.ಆರ್. ಪುರದ ತೂಗುಸೇತುವೆ ಇನ್ನೂ ಅರ್ಧ ಎದ್ದು ನಿಂತಿದ್ದ ಕಾಲ ಅದು. ಪಾಟೀಲರು ಧಾರವಾಡದವರು, ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಸೂಪರಿಂಟೆಂಡೆಂಟು, ಹೊರಮಾವಿನಲ್ಲಿ ಮನೆ. ಶುದ್ಧ ಸಸ್ಯಾಹಾರಿಗಳು. ಕ್ರಿಸ್ಮಸ್ಸಿಗೆ ಕರೆದರೆ ಪಾಪ, ಕೇಕಿನಲ್ಲೂ ಮೊಟ್ಟೆ. ನಮ್ಮ ಹಬ್ಬಗಳಲ್ಲಿ ಅವರನ್ನು ಧೈರ್ಯವಾಗಿ ಊಟಕ್ಕೆ ಕರೆಯಬಹುದಾದದ್ದು ಇದೊಂದೇ. ಕರೆದುಬಿಟ್ಟೆ. ಅವರೂ ಸಂತೋಷದಿಂದ ಒಪ್ಪಿದರು. ಆಮೇಲೆ ನೆನಪಾಯಿತು, ಅಪ್ಪನ ಪ್ರಾರ್ಥನೆ. ಕಚೇರಿಯ ಇಂಗ್ಲಿಷ್ ಪತ್ರಗಳನ್ನೆಲ್ಲ ತಿದ್ದುತ್ತಿದ್ದವನು ನಾನು. ಕಿರಿಯರ ಕರಡಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಏನ್ರೀ, ಇಂಗ್ಲಿಷ್ ಪೇಪರ್ ಹೆಂಗ್ರೀ ಪಾಸ್ ಮಾಡಿದ್ರಿ?" ಎಂದು ಕೇಳುವುದು ನನ್ನ ಕೆಟ್ಟ ಚಾಳಿ.

ಹಬ್ಬದ ಹಿಂದಿನ ದಿನ ರಸೆಲ್ ಮಾರುಕಟ್ಟೆಯಿಂದ ಹೀರೆಕಾಯಿ, ಹರಿವೆ, ಬೆಂಡೆ ಹೊತ್ತು ತಂದು, ಹೂ ಬಿಡಿಸುತ್ತಾ ಕೂತಿದ್ದ ಅಪ್ಪನ ಪಕ್ಕ ಕೂತೆ. "ಅಪ್ಪಾ, ಈ ಸಲ ಪ್ರಾರ್ಥನೆ ನಾನು ಓದ್ತೀನಿ. ದೊಡ್ಡೋರು ಬರ್ತಾ ಇದಾರೆ. ನಿಮಗೂ ನಿಂತ್ಕೊಂಡ್ರೆ ಕಾಲು ನೋವು" ಎಂದೆ. ಅಪ್ಪ ಕೈಯಲ್ಲಿದ್ದ ಸೇವಂತಿಗೆಯನ್ನು ಒಂದು ಗಳಿಗೆ ನೋಡಿದರು. "ಓದಪ್ಪ. ಓದ್ದೋನು ನೀನು" ಎಂದರು. ಅಷ್ಟೇ. ಒಳಗಿನಿಂದ ಲೀನಾ ಮಾತ್ರ, "ಎಂತ ಮಾರಾಯ್ರೇ, ಮಾವ ವರ್ಷವಿಡೀ ಕಾಯುವುದು ಇದೊಂದಕ್ಕೆ. ಅದನ್ನೂ ತೆಗೆದ್ರಾ?" ಎಂದಳು. ಅವಳಿಗೆ ಕಚೇರಿ ವ್ಯವಹಾರ ತಿಳಿಯದು ಎಂದುಕೊಂಡೆ.

ಮರುದಿನ ಪಾಟೀಲರು ಮಲ್ಲಿಗೆ ಹೂ, ಧಾರವಾಡ ಪೇಡೆ ಹಿಡಿದು ಬಂದರು. ಅಪ್ಪ ಅವರಿಗೆ ಕೈಮುಗಿದು ಕುರ್ಚಿ ಒರೆಸಿ ಕೊಟ್ಟರು. ಎಲ್ಲರೂ ಮರಿಯಮ್ಮನವರ ಪಟದ ಮುಂದೆ ನಿಂತೆವು. ನಾನು ಕಚೇರಿಯಲ್ಲಿ ಟೈಪು ಮಾಡಿಸಿ ತಂದಿದ್ದ ಎರಡು ಹಾಳೆ ತೆಗೆದು ಗಂಭೀರವಾಗಿ ಓದಿದೆ. ಸಕಲ ಸನ್ಮಂಗಳಗಳಿಗೂ ಅನಂತಾನಂತ ಕೃತಜ್ಞತೆಗಳು. ಕುಟುಂಬದ ಸರ್ವತೋಮುಖ ಅಭಿವೃದ್ಧಿಗೆ ತಮ್ಮ ಸಹಕಾರ ಸ್ಮರಣೀಯ. ಹೀಗೆ ಸಾಗಿ ಕೊನೆಗೆ ಅಭ್ಯಾಸಬಲದಿಂದ "ಮುಂದಿನ ಸೂಕ್ತ ಕ್ರಮಕ್ಕಾಗಿ ತಮ್ಮಲ್ಲಿ ವಿನಂತಿಸುತ್ತಾ, ತಮ್ಮ ವಿಧೇಯ" ಎಂದು ಓದಿ ನಿಲ್ಲಿಸಿದೆ. ಆಮೆನ್ ಎನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಪಾಟೀಲರು ಮೆಲ್ಲಗೆ, "ಡ್ರಾಫ್ಟ್ ಛಲೋ ಆಗೇತ್ರೀ" ಎಂದರು.

ಬಟ್ಟಲು ನನ್ನ ಕೈಗೆ ಬಂತು. ಪಾಟೀಲರಿಗೆ, ಲೀನಾಗೆ, ಎಂಟು ವರ್ಷದ ಮಗಳು ಜೆನಿಗೆ ಒಂದೊಂದು ಚಮಚೆ ಕೊಟ್ಟು ಅಪ್ಪನ ಬಳಿಗೆ ಬಂದೆ. ಅಪ್ಪ ಕೈ ಒಡ್ಡಲಿಲ್ಲ.

"ತಗೊಳ್ಳಿ ಅಪ್ಪಾ."

"ನೀವೆಲ್ಲ ಊಟ ಮಾಡ್ರಪ್ಪ. ನಾನು ಆಮೇಲೆ ತಗೋತೀನಿ."

"ಯಾಕೆ? ಬೇಜಾರಾಯ್ತಾ?"

"ಬೇಜಾರೇನಿಲ್ಲ ಕಣಪ್ಪ. ನಾನಿನ್ನೂ ಹೇಳಿಲ್ವಲ್ಲ. ಹೇಳ್ದೆ ಹೆಂಗೆ ತಿನ್ನೋದು? ಹಿತ್ಲಲ್ಲಿ ನಿಂತು ಹೇಳ್ಕೊಂಡು ಬರ್ತೀನಿ. ನಿಮಗೆ ಲೇಟಾಗ್ತದೆ, ಬಡಿಸಮ್ಮಾ" ಎಂದು ಹೊರಟೇಬಿಟ್ಟರು. ಆ ಮಾತಿನಲ್ಲಿ ಕೋಪವಿದ್ದಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ಇರಲಿಲ್ಲ. ದೊಡ್ಡವರ ಮನೆ ಕಟ್ಟಿ ಮುಗಿಸಿ, ಗೃಹಪ್ರವೇಶದ ದಿನ ಹಿತ್ತಿಲಲ್ಲಿ ಎಲೆ ಹಾಕಿಸಿಕೊಂಡು ಉಂಡು ಬರುತ್ತಿದ್ದ ಮನುಷ್ಯ ಅವರು. ತಾವೇ ಕಟ್ಟಿದ ಸ್ವಂತ ಮನೆಯಲ್ಲಿಯೂ ಅವರನ್ನು ಹಿತ್ತಿಲಿಗೆ ಕಳಿಸಿದವನು ನಾನೊಬ್ಬನೇ. ಕೈಯಲ್ಲಿದ್ದ ಬಟ್ಟಲು ಭಾರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಅವರ ತೋಳು ಹಿಡಿದೆ. "ಇಲ್ಲೇ ಹೇಳಿ ಅಪ್ಪಾ. ಜೋರಾಗಿ ಹೇಳಿ" ಎಂದೆ. ಬಟ್ಟಲನ್ನು ಅವರ ಕೈಗಿಟ್ಟೆ.

ಅಪ್ಪ ಕಣ್ಣು ಮುಚ್ಚಿದರು. ಹಿಂದಿನ ಗೋಡೆ ಬಂತು, ಸಾಬರ ಮನೆಯ ಗಂಜಿ ಬಂತು, ನನ್ನ ಅಮ್ಮ ಬಂದಳು. ನಮ್ಮ ಮನೆಗೆ ದೊಡ್ಡ ಮನಸ್ಸಿನಿಂದ ಬಂದ ಧಾರವಾಡದ ಸಾಹೇಬರೂ ಬಂದರು. ನನ್ನ ಸಾಲು ಬರಬೇಕಾದ ಜಾಗದಲ್ಲಿ ಅಪ್ಪ ತಡೆದರು, ಗಂಟಲು ಸರಿ ಮಾಡಿಕೊಂಡರು, "ಆಮೆನ್" ಎಂದರು. ಬೇಕೆಂದೇ ಬಿಟ್ಟಿದ್ದರು. ಏಕೆ ಪ್ರಾರ್ಥನೆ ಕಿತ್ತುಕೊಂಡೆ ಎಂಬುದು ಹೂ ಬಿಡಿಸುವಾಗಲೇ ಅವರಿಗೆ ತಿಳಿದಿತ್ತು.

ಆಮೆನ್ ಆದ ಮೇಲೆ ಸೇರಿಸುವ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲ. ನನ್ನ ಬಾಯಿಂದ ಬಂದುಬಿಟ್ಟಿತು: "ನಾನು ಇಂಗ್ಲಿಷಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಪಾಸಾದೆ, ಅದಕ್ಕೆ." ತಲೆ ಎತ್ತಲು ಧೈರ್ಯವಾಗದೆ ನೆಲ ನೋಡಿದೆ. ಕೆಂಪು ಗಾರೆ ನೆಲ, ಅಪ್ಪನೇ ಉಜ್ಜಿ ನಯ ಮಾಡಿದ್ದು.

"ಹೌದಲ್ರೀ, ನಿಮ್ಮ ಸರ್ವಿಸ್ ಬುಕ್ಕಿನಾಗ ಮಾರ್ಕ್ಸ್ ಕಾರ್ಡ್ ಮೂರೂ ಅದಾವ" ಎಂದರು ಪಾಟೀಲರು, ಯಾವ ವಿಶೇಷವೂ ಇಲ್ಲದ ದನಿಯಲ್ಲಿ. "ಬಂದ ತಿಂಗಳ ಎಲ್ಲಾರದೂ ನೋಡೇನ್ರೀ ನಾ. ಅಜ್ಜಾರ, ನನಗ ಇನ್ನೊಂದ್ ಚಮಚಾ ಹಾಕ್ರಿ. ಮೊದಲನೇದು ಪ್ರಾರ್ಥನಾ ಇಲ್ಲದ ಆಗಿತ್ತು."

ಅಪ್ಪ ಅವರಿಗೆ ಹಾಕಿದರು, ನನಗೆ ಹಾಕಿದರು, ಕೊನೆಗೆ ತಾವು ತೆಗೆದುಕೊಂಡರು. ಊಟದ ನಡುವೆ ನನ್ನ ಕಡೆ ಬಾಗಿ, "ಮೊದಲ್ನೇ ಸಲಕ್ಕೇ ಪಾಸಾಗಿದ್ದಿದ್ರೆ ಸ್ವಾಮಿ ಇಲ್ದೆ ನೀನೇ ಪಾಸಾದೆ ಅಂತ ನಾನು ಅನ್ಕೊಂಡಿರೋನು ಕಣೋ" ಎಂದರು. ಬೆಂಡೆಕಾಯಿ ಪಲ್ಯ ಇನ್ನಷ್ಟು ಬೇಕೆಂದು ಕೇಳುವ ದನಿಯಲ್ಲೇ.

ಅಪ್ಪ ಹೋಗಿ ಕೆಲವು ವರ್ಷವಾಯಿತು. ಈಗ ಬಟ್ಟಲು ಹಿಡಿಯುವವನು ನಾನು. ಹಾಳೆ ಇಲ್ಲ, ಟೈಪಿಲ್ಲ. ಹೋದ ಹಬ್ಬಕ್ಕೆ ಜೆನಿ ತನ್ನ ಕಾಲೇಜಿನ ಮೂವರು ಗೆಳತಿಯರನ್ನು ಕರೆತಂದಿದ್ದಳು. ನಾನು ಕಣ್ಣು ಮುಚ್ಚಿ, ಮನಸ್ಸು ತುಂಬಿ, "ಸ್ವಾಮಿ, ನನ್ನ ಮಗಳು ಸ್ಕೂಟರ್ ಲೈಸೆನ್ಸಿನ ಟೆಸ್ಟಲ್ಲಿ ಮೂರು ಸಲ ಬಿದ್ದು ನಾಲ್ಕನೇ ಸಲಕ್ಕೆ ಪಾಸಾದ್ಳು, ಅದಕ್ಕೆ" ಎನ್ನುತ್ತಿದ್ದಂತೆ ಯಾರೋ ಕಿಸಕ್ಕೆಂದರು. "ಪಪ್ಪಾ, ಪ್ಲೀಸ್, ಸಾಕು" ಎಂದು ಜೆನಿ ನನ್ನ ಮೊಣಕೈ ಹಿಂಡಿದಳು. ನಾನು ಕಣ್ಣು ತೆರೆಯಲಿಲ್ಲ. ಅವಳ ಗಣಿತದ ಪೇಪರಿನ ಸಾಲು ಇನ್ನೂ ಬಾಕಿಯಿತ್ತು.