ಎಂಟು ಮನೆಗಳ ಗುಟ್ಟು

ಸಿದ್ಧಲಿಂಗೇಶನಿಗೆ ಬಡ್ತಿ ಸಿಕ್ಕಿದ್ದು ಶುಕ್ರವಾರ. ತೊಂದರೆ ಶುರುವಾದದ್ದು ಶನಿವಾರ ಬೆಳಗ್ಗೆ ಏಳೂವರೆಗೆ. ನಡುವೆ ಆದದ್ದು ಇಷ್ಟೇ: ಅವನ ಹೆಂಡತಿ ಗಿರಿಜಾದೇವಿ ಸಂಭ್ರಮದಿಂದ ಬೇಸನ್ ಉಂಡೆ ಕಟ್ಟಿ, ಮೈಲಾಪೂರಿನ ಆ ಹಳೆಯ ಫ್ಲಾಟಿನ ಉಳಿದ ಏಳು ಮನೆಗಳಿಗೂ ಹಂಚಿ ಬಂದಳು. ಪ್ರತಿ ಡಬ್ಬಿಯ ಮೇಲೂ ಗಂಡನ ಹೊಸ ವಿಸಿಟಿಂಗ್ ಕಾರ್ಡು ಇಟ್ಟಿದ್ದಳು.

ಕಾರ್ಡಿನಲ್ಲಿ ‘ಕಡಲ್‌ನೆಟ್ ಇಂಟರ್ನೆಟ್ ಸೇವೆ’ ಎಂದೂ, ಅದರ ಕೆಳಗೆ ‘ಗ್ರಾಹಕರ ಖಾಸಗಿ ಮಾಹಿತಿ ವಿಭಾಗದ ಮುಖ್ಯಸ್ಥ’ ಎಂದೂ ಇತ್ತು. ಗ್ರಾಹಕರ ಹೆಸರು, ವಿಳಾಸ, ಅವರು ಇಂಟರ್ನೆಟ್ಟಿನಲ್ಲಿ ನೋಡಿದ್ದು ಹುಡುಕಿದ್ದು ಯಾವುದೂ ಹೊರಗೆ ಸೋರದಂತೆ ಕಾಯುವುದು ಆ ವಿಭಾಗದ ಕೆಲಸ. ನಿಜ ಹೇಳಬೇಕೆಂದರೆ ಸಿದ್ಧಲಿಂಗೇಶ ಪೆರುಂಗುಡಿಯ ಆಫೀಸಿನಲ್ಲಿ ಕೂತು, ಇಂಥವರ ಮಾಹಿತಿ ಕೊಡಿ ಎಂದು ಬಂದ ಅರ್ಜಿಗಳನ್ನು ಓದಿ, ‘ಕೊಡಲಾಗದು’ ಎಂದು ಬರೆಯುತ್ತಿದ್ದ. ಆದರೆ ಉಂಡೆ ಮೆಲ್ಲುತ್ತ ಕಾರ್ಡು ಓದಿದವರಿಗೆ ಹೊಳೆದ ಅರ್ಥವೇ ಬೇರೆ. ಆ ಏಳು ಮನೆಗಳಲ್ಲೂ ಇದ್ದದ್ದು ಕಡಲ್‌ನೆಟ್ ಕನೆಕ್ಷನ್ನೇ. ಬೆನ್ನು ಹತ್ತಿ ಹಾಕಿಸಿಕೊಟ್ಟವನೂ ಸಿದ್ಧಲಿಂಗೇಶನೇ.

ಮೊದಲು ಬಂದವರು ಕೆಳಗಿನ ಮನೆಯ ಕಮಲಾಕರರು. ಬ್ಯಾಂಕಿನಿಂದ ನಿವೃತ್ತರಾದವರು, ಫ್ಲಾಟಿನ ಸಂಘದ ಕಾರ್ಯದರ್ಶಿ. ದಿನವೂ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಪ್ರವಚನ ಕೇಳುತ್ತಾರೆಂದು ಇಡೀ ಬೀದಿಗೆ ಹೆಸರಾದವರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣಿತ್ತು.

“ಸಿದ್ಧಲಿಂಗೇಶ್, ನಿಮಗೆ ಗೊತ್ತಿರೋ ವಿಷಯನೇ. ಆದ್ರೂ ನಾನೇ ಬಾಯಿಬಿಟ್ಟು ಹೇಳಿಬಿಡ್ತೀನಿ,” ಎಂದು ದನಿ ತಗ್ಗಿಸಿದರು. “ನಾನು ಸಾಯಂಕಾಲ ಕೇಳೋದು ಪ್ರವಚನ ಅಲ್ಲ.”

“ನನಗೆ ಏನ್ ಗೊತ್ತೈತಿ ಸಾರ್?”

“ಕುಸ್ತಿ. ಅಮೆರಿಕಾದ್ದು. ಆ ದಡಿಯರು ಕುರ್ಚಿ ಎತ್ತಿ ಎತ್ತಿ ಹೊಡ್ಕೊಳ್ತಾರಲ್ಲ, ರೊಂಬ ಚೆನ್ನಾಗಿರುತ್ತೆ. ನಮ್ಮ ಮನೇಲಿ ತಿಳಿದ್ರೆ ನನ್ನ ಮಾನ ಉಳಿಯಲ್ಲ.”

“ಸಾರ್, ನನಗೆ ಏನೂ ಕಾಣೋದಿಲ್ರಿ. ಯಾರು ಏನು ನೋಡ್ತಾರ ಅಂತ ಇಣುಕಿದ್ರೂ ನನ್ನ ಕೆಲಸ ಹೋಗತೈತಿ.”

ಕಮಲಾಕರರು ಕಣ್ಣು ಮಿಟುಕಿಸಿದರು. “ಸಬಾಷ್. ಯಾರು ಕೇಳಿದ್ರೂ ಇದನ್ನೇ ಹೇಳಿ,” ಎಂದು ಬಾಳೆಹಣ್ಣು ಮೇಜಿನ ಮೇಲಿಟ್ಟು, ಹತ್ತು ವರ್ಷ ಚಿಕ್ಕವರಾದಂತೆ ಮೆಟ್ಟಿಲಿಳಿದು ಹೋದರು.

ಅವರ ಹಿಂದೆಯೇ ವಿಷ್ಣುಮೂರ್ತಿ ಬಂದ. ದಿನಾ ಬೆಳಗ್ಗೆ ತಾರಸಿಯ ಮೇಲೆ ಯೋಗ ಕಲಿಸುವವನು. ಬಾಗಿಲು ಹಾಕಿದ ಕೂಡಲೇ ಸೊಂಟ ಹಿಡಿದುಕೊಂಡು ಸೋಫಾದ ತುದಿಗೆ ಕುಕ್ಕರಿಸಿದ.

“ಎರಡು ತಿಂಗಳಿಂದ ಬೆನ್ನು ನೋವು ಸಾರ್. ಇಂಟರ್ನೆಟ್ಟಲ್ಲಿ ನಾನು ಹುಡುಕಿದ್ದನ್ನ ನೀವು ನೋಡೇ ಇರ್ತೀರಿ. ‘ಯೋಗ ಮಾಡದೆ ಬೆನ್ನು ನೋವು ಹೋಗಲಾಡಿಸುವುದು ಹೇಗೆ’ ಅಂತ.”

ಸಿದ್ಧಲಿಂಗೇಶ ನೋಡಿಲ್ಲ ಎಂದ. ನೋಡಲಾಗುವುದಿಲ್ಲ ಎಂದ. ಹಾಗೆ ನೋಡುವುದು ಅಪರಾಧ ಎಂದೂ ಹೇಳಿದ. ಅವನು ಒಂದೊಂದು ಸಲ ‘ಇಲ್ಲ’ ಎಂದಾಗಲೂ ವಿಷ್ಣುಮೂರ್ತಿಯ ಮುಖದಲ್ಲಿ ನಂಬಿಕೆ ಹೆಚ್ಚುತ್ತ ಹೋಯಿತು. ಕೊನೆಗೆ ಅವನು ಕೈ ಹಿಡಿದು, “ಇಂಥ ಹುದ್ದೆಗೆ ನಿಮ್ಮಂಥೋರೇ ಬೇಕು,” ಎಂದು ಮೈಸೂರು ಪಾಕಿನ ಪೊಟ್ಟಣ ಕೊಟ್ಟು ಹೋದ.

ಹನ್ನೊಂದು ಗಂಟೆಗೆ ಎರಡನೇ ಮಹಡಿಯ ಕಾಲೇಜು ಹುಡುಗಿ ಸುಮೇಧಾ ಬಾಗಿಲ ಸಂದಿಯಿಂದ ತಲೆ ತೂರಿಸಿ, “ಅಂಕಲ್, ಅಮ್ಮಾಕ್ಕಿಟ್ಟ ಸೊಲ್ಲಾದೀಂಗ, ಪ್ಲೀಸ್,” ಎಂದಳು. ಅಮ್ಮನಿಗೆ ಹೇಳಬಾರದ್ದು ಏನೆಂದು ಅವನು ಕೇಳುವ ಮೊದಲೇ, ಆನ್‌ಲೈನ್ ಪಾಠವೆಂದು ಹೇಳಿ ತಾನು ಕೊರಿಯಾದ ಧಾರಾವಾಹಿ ನೋಡುತ್ತಿರುವುದನ್ನು ತಾನೇ ಒಪ್ಪಿಸಿ ಓಡಿಹೋದಳು. ಆಮೇಲೆ ಇನ್ನೂ ಮೂವರು ಬಂದುಹೋದರು. ಮಧ್ಯಾಹ್ನದ ಹೊತ್ತಿಗೆ ಮೇಜು ಸೀಮಂತದ ಮನೆಯ ಹಜಾರದಂತಾಗಿತ್ತು. ಸಿದ್ಧಲಿಂಗೇಶ ಒಂದೇ ಮದುವೆಯಲ್ಲಿ ಎರಡು ಪಂಕ್ತಿಗೆ ಕೂತು ಉಂಡವನಂತೆ ಏದುಸಿರು ಬಿಡುತ್ತಿದ್ದ. ಉಂಡದ್ದಾದರೂ ಕರಗೀತು, ಕೇಳಿದ್ದನ್ನು ಎಲ್ಲಿ ಇಡುವುದು?

ತಲೆ ಹಗುರಾಗಲೆಂದು ಕಾಫಿಪುಡಿ ತರಲು ಹೊರಟರೆ, ಮೆಟ್ಟಿಲ ಬಳಿ ಕಮಲಾಕರರ ಹೆಂಡತಿ ಎದುರಾದರು.

“ನಿಮ್ಮನ್ನ ಒಂದು ಕೇಳಬೇಕು. ನಿನ್ನೆ ನಮ್ಮವರು ಪ್ರವಚನ ಕೇಳ್ತಾ ಕೇಳ್ತಾ ‘ಹೊಡಿ ಅವನ್ನ, ಬಿಡಬೇಡ’ ಅಂತ ಕೂಗಿಬಿಟ್ರು. ಅದು ಯಾವ ಪ್ರವಚನ?”

ಸಿದ್ಧಲಿಂಗೇಶ ಕೈಚೀಲವನ್ನು ಮಡಿಸತೊಡಗಿದ. “ಮಹಾಭಾರತ ಇರಬೇಕ್ರಿ ಅಮ್ಮಾ. ಯುದ್ಧದ ಭಾಗಕ್ಕೆ ಬಂದಿರ್ತಾರ.”

“ಹದಿನೆಂಟು ದಿನದ ಯುದ್ಧ ತಾನೇ? ಇವರದು ಆರು ತಿಂಗಳಿಂದ ನಡೀತಿದೆ,” ಎಂದು ಅವರು ಒಳಗೆ ಹೋದರು. ಸಿದ್ಧಲಿಂಗೇಶ ಕಾಫಿಪುಡಿ ಮರೆತು ಮನೆಗೆ ಹಿಂತಿರುಗಿದ.

ಮೂರು ಗಂಟೆಗೆ ಜಯಲಕ್ಷ್ಮೀ ಬಂದರು. ಸುಮೇಧಾಳ ತಾಯಿ. ಮನೆಯಲ್ಲೇ ಅಡುಗೆ ಮಾಡಿ ಊಟದ ಆ್ಯಪಿನ ಮೂಲಕ ಮಾರುವವರು. ಅವರ ಪುಳಿಯೋಗರೆಗೆ ಅಡ್ಯಾರಿನಿಂದಲೂ ಆರ್ಡರ್ ಬರುತ್ತಿತ್ತು. ಅವರು ಒಪ್ಪಿಕೊಳ್ಳಲು ಬಂದಿರಲಿಲ್ಲ. ಕೇಳಲು ಬಂದಿದ್ದರು.

“ಮೂರು ವರ್ಷದಲ್ಲಿ ನಂಗೆ ಬಂದ ಮೊದಲ ಒಂದು ಸ್ಟಾರು ಇದು. ಓದ್ತೀನಿ, ಕೇಳಿ,” ಎಂದು ಫೋನ್ ಹಿಡಿದರು. “‘ಗುರುವಾರದ ಪುಳಿಯೋಗರೆಯಲ್ಲಿ ಅನ್ನ ಹುಣಸೆಕಾಡಿನಲ್ಲಿ ದಾರಿ ತಪ್ಪಿತ್ತು.’ ಹೆಸರಿಲ್ಲ. ಆದ್ರೆ ಗುರುವಾರ ನಾನು ಹೊರಗೆ ಮಾರಲೇ ಇಲ್ಲ. ಸುಮೇಧಾ ಹುಟ್ಟಿದ ದಿನ ಅಂತ ನಮ್ಮ ಫ್ಲಾಟಿನ ಏಳು ಮನೆಗೆ ಮಾತ್ರ ಕೊಟ್ಟದ್ದು. ಅಂದ್ಮೇಲೆ ನನ್ನ ಕೈಯೂಟ ತಿಂದು ನನ್ನ ಹೊಟ್ಟೆಗೇ ಹೊಡೆದವರು ಇಲ್ಲೇ ಇದಾರೆ. ಯಾರು ಅಂತ ನೋಡಿ ಹೇಳಿ.”

“ಜಯಲಕ್ಷ್ಮಮ್ಮಾ, ನನಗೆ ಕಾಣೋದಿಲ್ರಿ.”

“ಎಲ್ಲರದೂ ಕಾಣುತ್ತಂತೆ, ನಂಗೆ ಬೇಕಾದದ್ದು ಮಾತ್ರ ಕಾಣಲ್ವಾ? ಸಾಯಂಕಾಲದೊಳಗೆ ಹೇಳದಿದ್ರೆ ನಿಮ್ಮ ಹೆಡ್ ಆಫೀಸಿಗೆ ಬರೀತೀನಿ, ಪಕ್ಷಪಾತ ಮಾಡ್ತಿದೀರಿ ಅಂತ.”

ಈ ಮಾತು ಮೆಟ್ಟಿಲ ಮೇಲೆ ನಿಂತು ಆಡಿದ್ದರಿಂದ ಎಲ್ಲ ಮನೆಗೂ ಕೇಳಿತು. ಒಬ್ಬರದನ್ನು ತೆಗೆದರೆ ಉಳಿದವರದೂ ಜೊತೆಗೆ ಈಚೆ ಬೀಳುತ್ತದೆಂದು ಎಲ್ಲರಿಗೂ ದಿಗಿಲಾಯಿತು. ಕಮಲಾಕರರು ಐದು ಗಂಟೆಗೆ ತಾರಸಿಯ ಮೇಲೆ ತುರ್ತುಸಭೆ ಕರೆದರು.

ಸಿದ್ಧಲಿಂಗೇಶ ತಾರಸಿಗೆ ಹತ್ತಿದಾಗ ನೀರಿನ ಟ್ಯಾಂಕಿನ ನೆರಳಲ್ಲಿ ಎಲ್ಲರೂ ಕೂತಿದ್ದರು. ಇನ್ನು ಬಾಯಿಮಾತಿನಿಂದ ಆಗದೆಂದು ಅವನಿಗೆ ಅನ್ನಿಸಿತು. ಎಲ್ಲರ ಎದುರಿಗೇ ತನ್ನ ಮೇಲಧಿಕಾರಿ ಪ್ರವೀಣ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿದ.

“ಸಾರ್, ನಮ್ಮ ಫ್ಲಾಟಿನವರು ಯಾರು ಏನು ನೋಡ್ತಾರ, ಏನು ಬರೀತಾರ ಅಂತ ನಾನು ತೆಗೆದು ನೋಡಬಹುದೇನ್ರಿ?”

“ಏನು ಸಿದ್ಧಲಿಂಗೇಶ್, ಬಿಸಿಲಿಗೆ ತಲೆ ಕೆಟ್ಟಿದೆಯಾ?” ಎಂದಿತು ಫೋನು. “ನಿಮ್ಮ ಕಂಪ್ಯೂಟರಿನಲ್ಲಿ ಅರ್ಜಿ ಬಿಟ್ಟು ಬೇರೇನೂ ತೆರೆಯೋದಿಲ್ಲ. ನಿಮ್ಮ ಮನೆಯ ಬಿಲ್ ಕೂಡ ನಿಮಗೆ ಕಾಣಲ್ಲ. ನೋಡೋಕೆ ಪ್ರಯತ್ನಪಟ್ರೆ ಸೋಮವಾರ ಆಫೀಸಿಗೆ ಬರೋದೇ ಬೇಡ.”

ಫೋನ್ ಇಟ್ಟ ಮೇಲೆ ಎಲ್ಲರೂ ತಲೆಯೊಳಗೆ ಒಂದೇ ಲೆಕ್ಕ ಹಾಕುತ್ತಿದ್ದರು.

“ಹಾಗಾದ್ರೆ ಬೆಳಗ್ಗೆ ನಾವು...” ಎಂದು ವಿಷ್ಣುಮೂರ್ತಿ ಶುರುಮಾಡಿದ.

ಕಮಲಾಕರರು ಜೋರಾಗಿ ಕೆಮ್ಮಿದರು. ಅವರ ಹೆಂಡತಿ ತಿರುಗಿ ನೋಡಿದರು.

ಸಿದ್ಧಲಿಂಗೇಶ ಎದ್ದು ನಿಂತ. “ಕಂಪ್ಯೂಟರಿನಲ್ಲಿದ್ದದ್ದನ್ನ ಕಾಯೋದು ಕಂಪನಿ ಕೆಲಸ. ಬಾಯಲ್ಲಿ ಹೇಳಿದ್ದನ್ನ ಕಾಯೋದು ನನ್ನ ಕೆಲಸ. ನನ್ನ ಕಿವಿಗೆ ಬಿದ್ದದ್ದು ಯಾರದೇ ಆಗಲಿ, ನನ್ನ ಬಾಯಿಂದ ಹೊರಗ ಬರೋದಿಲ್ರಿ. ಆಣೆ ಮಾಡಿ ಹೇಳ್ತೀನಿ.”

ಇಷ್ಟು ಹೇಳಿದ್ದೇ ತಡ, ಬಿಗಿದ ಮುಖಗಳೆಲ್ಲ ಸಡಿಲವಾದವು. ಯಾರೋ ನಕ್ಕರು, ಅದಕ್ಕೆ ಇನ್ಯಾರೋ ನಕ್ಕರು. ಕಮಲಾಕರರು ಎಲ್ಲರಿಗೂ ಕಾಫಿ ತರಿಸಿದರು. ಜಯಲಕ್ಷ್ಮಿಯವರ ಕಣ್ಣೂ ಒದ್ದೆಯಾಗಿತ್ತು.

ಆರು ಗಂಟೆಗೆ ಅವರು ದೊಡ್ಡ ಡಬ್ಬಿ ಹಿಡಿದು ಸಿದ್ಧಲಿಂಗೇಶನ ಮನೆಗೆ ಬಂದರು. ಮುಚ್ಚಳ ತೆಗೆದರೆ ಬಿಸಿ ಪುಳಿಯೋಗರೆ. ಇಂಗು, ಹುರಿದ ಕಡಲೆಬೀಜದ ಘಮ ಹಜಾರವೆಲ್ಲ ತುಂಬಿತು.

“ನಿಮ್ಮ ಮೇಲೆ ರೇಗಿದ್ದು ತಪ್ಪಾಯ್ತು. ನಿಮ್ಮಷ್ಟು ಸತ್ಯವಂತರನ್ನ ನಾನು ನೋಡಿಲ್ಲ. ಒಂದು ತುತ್ತು ತಿಂದು, ಹೇಗಿದೆ ಅಂತ ನೀವೇ ಆ್ಯಪಲ್ಲಿ ಬರೀಬೇಕು. ನಿಮ್ಮ ಮಾತಿಗೆ ತೂಕ ಇದೆ.”

ಸಿದ್ಧಲಿಂಗೇಶ ಒಂದು ತುತ್ತಲ್ಲ, ಐದು ತುತ್ತು ತಿಂದ. ಅಡುಗೆಮನೆಯ ಬಾಗಿಲಲ್ಲಿ ಲೋಟ ಒರೆಸುತ್ತ ನಿಂತಿದ್ದ ಗಿರಿಜಾದೇವಿ ಅದೇಕೋ, “ಆಮೇಲೆ ಬರೆದ್ರಾತು ಬಿಡ್ರಿ,” ಎಂದಳು.

“ಆಮೇಲ್ಯಾಕ? ಈಗಲೇ ಐದು ಸ್ಟಾರ್ ಒತ್ತತೀನಿ, ನೋಡ್ರಿ ಜಯಲಕ್ಷ್ಮಮ್ಮಾ,” ಎಂದು ಅವನು ಫೋನ್ ತೆಗೆದು, ಅವರಿಗೂ ಕಾಣುವಂತೆ ಹಿಡಿದು ಆ್ಯಪ್ ತೆರೆದ.

‘ಈ ಅಡುಗೆಗೆ ನೀವು ಈಗಾಗಲೇ ಅಭಿಪ್ರಾಯ ಬರೆದಿದ್ದೀರಿ. ಬದಲಾಯಿಸಬೇಕೆ?’ ಎಂದಿತು ಆ್ಯಪು. ಕೆಳಗೆ ಒಂದೇ ಒಂದು ಸ್ಟಾರು. ಅದರ ಕೆಳಗೆ ಹುಣಸೆಕಾಡು.

ಸಿದ್ಧಲಿಂಗೇಶ ಅದನ್ನು ಬರೆದಿರಲಿಲ್ಲ. ಗುರುವಾರ ಅವನು ಮಾಡಿದ್ದು ಬೆರಳು ನೆಕ್ಕುತ್ತ ಹೆಂಡತಿಗೆ, “ಪುಳಿಯೋಗರೆ ಅಂದ್ರ ಇದು ನೋಡು. ನೀ ಮಾಡೋದೂ ಐತಿ,” ಎಂದದ್ದು. ಆಮೇಲೆ ಫೋನನ್ನು ಮೇಜಿನ ಮೇಲೇ ಬಿಟ್ಟು ಕೈ ತೊಳೆಯಲು ಹೋದದ್ದು. ಅವನು ಮೆಲ್ಲಗೆ ಅಡುಗೆಮನೆಯ ಕಡೆ ಕತ್ತು ತಿರುಗಿಸಿದ. ಗಿರಿಜಾದೇವಿ ಒಣಗಿದ ಲೋಟವನ್ನೇ ಒರೆಸುತ್ತಿದ್ದಳು. ಒರೆಸುವ ಕೈ ಬಹಳ ಜೋರಾಗಿತ್ತು.

“ನೀವೇನಾ ಇದು?” ಎಂದರು ಜಯಲಕ್ಷ್ಮೀ.

ತಾರಸಿಯ ಮೇಲೆ ಆಣೆ ಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ.

“ನಾನೇ ರೀ,” ಎಂದ ಸಿದ್ಧಲಿಂಗೇಶ. “ಗುರುವಾರ ಬಾಯಿ ಹುಣ್ಣಾಗಿತ್ತು.”

“ಅದಕ್ಕೇ ಬೆಳಗ್ಗೆಯಿಂದ ಕಾಣಲ್ಲ, ಕಾಣಲ್ಲ ಅಂತ ನಾಟಕ ಆಡಿದ್ದು,” ಎಂದ ಜಯಲಕ್ಷ್ಮೀ ಡಬ್ಬಿಯ ಮುಚ್ಚಳ ಹಾಕಿದರು. ಅವನ ತಟ್ಟೆಯಲ್ಲಿ ಉಳಿದಿದ್ದನ್ನೂ ಬಿಡದೆ ಡಬ್ಬಿಗೆ ಸುರಿದುಕೊಂಡು ಹೊರಟರು. ಮೆಟ್ಟಿಲ ಮೇಲೆ ಅವರ ದನಿ, ಅದರ ಹಿಂದೆ ಒಂದೊಂದೇ ಬಾಗಿಲು ತೆರೆಯುವ ಸದ್ದು, ಕೊನೆಗೆ ಕಮಲಾಕರರ “ಹೌದಾ, ಅವರೇನಾ?” ಎಂಬ ಉದ್ಗಾರ ಕೇಳಿಸಿತು.

ಗಿರಿಜಾದೇವಿ ಲೋಟ ಕೆಳಗಿಟ್ಟು ಬಂದು ಅವನ ಪಕ್ಕ ಕೂತಳು. ಸೆರಗಿನ ತುದಿಯಿಂದ ಅವನ ಮೀಸೆಗೆ ಅಂಟಿದ್ದ ಒಂದು ಅಗುಳನ್ನು ಮೃದುವಾಗಿ ತೆಗೆದಳು.

“ರೀ, ಆ ಫೋನಿಗೊಂದು ಲಾಕ್ ಹಾಕ್ಕೊಳ್ರಿ,” ಎಂದಳು. “ಯಾರು ಬೇಕಾದ್ರೂ ತಗೊಂಡು ಏನು ಬೇಕಾದ್ರೂ ಬರೀಬಹುದು.”