ಭಾವನ ಕಾರಿನ ಮೇಲೆ ಅರಳಿದ ಹೂಗಳು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಪುಸ್ತಕಕ್ಕೆ ರಟ್ಟು ಹಾಕುವ ಬೈಂಡರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯ ಮುಂದೆ ಘೋಷಣೆ ಮಾಡಿದರು.

"ನಿಮ್ಮಣ್ಣ ಸಾಯಂಕಾಲ ಐದಕ್ಕೆ ಬರ್ತಾರಲ್ಲ, ಬಂದಾಗ ಅವರ ಕಾರನ್ನ ಅವರೇ ಗುರುತು ಹಿಡೀಬಾರದು. ಹಾಗೆ ಮಾಡಿಡ್ತೀನಿ."

ಈ ಮಾತು ಅಕ್ಷರಶಃ ನಿಜವಾಯಿತೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

"ಕಾರಿನ ತಂಟೆಗೆ ಹೋಗಬೇಡಿ," ಎಂದಳು ಹೆಂಡತಿ. "ಹೇಗೆ ಕೊಟ್ಟಿದಾನೋ ಹಾಗೇ ವಾಪಸ್ ಕೊಟ್ಟರೆ ಸಾಕು."

"ಅಷ್ಟನ್ನ ಯಾವ ಸಾಮಾನ್ಯ ಮನುಷ್ಯನೂ ಮಾಡ್ತಾನೆ."

"ನೀವೂ ಇವತ್ತೊಂದು ದಿನ ಸಾಮಾನ್ಯ ಮನುಷ್ಯರಾಗಿರಿ."

ಅವಳ ಆತಂಕಕ್ಕೆ ಕಾರಣವಿತ್ತು. ಅವಳೂ ಅವಳಣ್ಣನೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅಪ್ಪ ಹಾಸಿಗೆ ಹಿಡಿದ ಸುದ್ದಿಯನ್ನು ಅಣ್ಣ ಎರಡು ದಿನ ತಡವಾಗಿ ತಿಳಿಸಿದ್ದರು. ಅವಳು ಹೋಗಿ ಸೇರುವಷ್ಟರಲ್ಲಿ ಅಪ್ಪ ಇರಲಿಲ್ಲ. ಜಗಳವಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತೇನೋ. ಅವಳು ಜಗಳವಾಡದೆ ಸುಮ್ಮನಾಗಿಬಿಟ್ಟಳು. ಅಂದಿನಿಂದ ಅಣ್ಣನ ಫೋನನ್ನು ಬೈಂಡರೇ ಎತ್ತಿಕೊಂಡು, ಈ ಕಡೆಯ ಮೌನವನ್ನು ಆ ಕಡೆಗೂ ಆ ಕಡೆಯ ಕೆಮ್ಮನ್ನು ಈ ಕಡೆಗೂ ದಾಟಿಸುತ್ತ ಬಂದಿದ್ದರು. ಈಗ ಅತ್ತೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿದ್ದರು. ಆಸ್ಪತ್ರೆಗೆ ಓಡಾಡಲು ಇರಲಿ ಎಂದು ಭಾವ ತಮ್ಮ ಕಡುನೀಲಿ ಕಾರನ್ನು ನಾಲ್ಕು ದಿನಕ್ಕೆ ಬಿಟ್ಟುಹೋಗಿದ್ದರು. ಕೀಲಿಯನ್ನು ಮಾತ್ರ ಗೇಟಿನ ಆಚೆಯಿಂದಲೇ ಕೊಟ್ಟಿದ್ದರು. ಇವತ್ತು ಕಾರು ಒಯ್ಯಲು ಬಂದಾಗಲಾದರೂ ಅಣ್ಣ ಗೇಟು ದಾಟಿ ಬರುತ್ತಾನೆಯೇ, ತನ್ನ ಬಾಯಿಂದ "ಬಾ" ಎಂಬ ಒಂದು ಮಾತು ಹೊರಡುತ್ತದೆಯೇ ಎಂದು ಅವಳು ಬೆಳಿಗ್ಗೆಯಿಂದ ಒದ್ದಾಡುತ್ತಿದ್ದಳು.

ಬೈಂಡರಿಗೂ ಅದೇ ಚಿಂತೆ. ಅವರು ಕಂಡುಕೊಂಡ ಪರಿಹಾರ ಮಾತ್ರ ಒಂದು ಬಾಟಲಿ ಸೀಲೆಂಟ್. ಕಾರಿನ ಬಣ್ಣದ ಮೇಲೆ ಹಚ್ಚಿದರೆ ಕಣ್ಣಿಗೆ ಕಾಣದ ಪದರವೊಂದು ಕೂತು, ಧೂಳು ನಿಲ್ಲುವುದಿಲ್ಲ, ನೀರು ಹನಿಹನಿಯಾಗಿ ಉರುಳಿಹೋಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಹಚ್ಚುವುದು, ಅಂಟಿಸುವುದು, ಒಣಗಿಸುವುದು ಎಲ್ಲವೂ ತಮ್ಮ ಇಲಾಖೆಗೇ ಸೇರಿದ ವಿಷಯವೆಂದು ಬೈಂಡರು ತೀರ್ಮಾನಿಸಿದರು. ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಹಾಕಿದ ಕೈ ಅದು. ಸಾವಿರಾರು ಪುಸ್ತಕಗಳು ಆ ಕೈ ದಾಟಿ ಹೋಗಿದ್ದವು. ಅವುಗಳಲ್ಲಿ ಒಂದನ್ನೂ ಅವರು ಓದಿರಲಿಲ್ಲ. ಬಾಟಲಿಯ ಮೇಲಿದ್ದ ಸೂಚನೆಗೂ ಅಷ್ಟೇ ಮರ್ಯಾದೆ ಸಿಕ್ಕಿತು. "ಲೇಬಲ್ ಓರೆಯಾಗಿ ಅಂಟಿಸಿದಾರೆ, ಕೆಲಸ ಬರದವರು," ಎಂದು ಅದನ್ನು ಕೆಳಗಿಟ್ಟರು.

ಕಾರು ತೊಳೆದು, ಚುರುಗುಟ್ಟುವ ಬಿಸಿಲಲ್ಲಿ ನಿಲ್ಲಿಸಿ, ರಟ್ಟಿಗೆ ಅಂಟು ಬಳಿಯುವ ಧಾರಾಳದಲ್ಲಿ ಇಡೀ ಬಾಟಲಿಯನ್ನು ಬಳಿದರು. ಬಾನೆಟ್ಟು, ಛಾವಣಿ, ಡಿಕ್ಕಿ, ನಾಲ್ಕೂ ಬಾಗಿಲು, ಯಾವುದಕ್ಕೂ ಪಕ್ಷಪಾತವಿಲ್ಲ. ಒರೆಸುವ ಪ್ರಶ್ನೆಯೇ ಅವರ ತಲೆಗೆ ಬರಲಿಲ್ಲ. ಹಚ್ಚಿದ ಮೇಲೆ ಬಟ್ಟೆ ಮುಚ್ಚಿ, ಭಾರ ಹೇರಿ, ಚೆನ್ನಾಗಿ ಕಚ್ಚಿಕೊಳ್ಳುವವರೆಗೆ ಯಾರೂ ಮುಟ್ಟಕೂಡದು ಎಂಬುದು ಅವರ ಕಸುಬಿನ ಮೊದಲ ಪಾಠ. ಬೀರುವಿನಿಂದ ಹೆಂಡತಿಯ ಎರಡು ದಪ್ಪ ಮಂಚದ ಹೊದಿಕೆಗಳನ್ನು ತಂದರು. ಉಬ್ಬು ಕಸೂತಿಯಲ್ಲಿ ಅಂಗೈ ಅಗಲದ ಹೂಗಳಿದ್ದ ಹೊದಿಕೆಗಳು. ಅವನ್ನು ಕಾರಿನ ಮೇಲೆ ಎಳೆದು ಹಾಸಿ, ರಟ್ಟಿಗಾಗಿ ಬಂದಿದ್ದ ಶಾಲೆಯ ಹಾಜರಿ ಪುಸ್ತಕಗಳನ್ನೆಲ್ಲ ಒತ್ತೊತ್ತಾಗಿ ಪೇರಿಸಿದರು. ಆಮೇಲೆ ಕೈ ತೊಳೆದುಕೊಂಡು ಊಟ ಮಾಡಿ, ಸಣ್ಣದೊಂದು ನಿದ್ದೆ ತೆಗೆದರು.

ಎರಡು ಗಂಟೆಗೆ ಎದ್ದು ಹೊದಿಕೆ ಎತ್ತಿದಾಗ ಹೊದಿಕೆ ಬಂತು, ಹೂಗಳು ಬರಲಿಲ್ಲ. ಕಡುನೀಲಿ ಬಾನೆಟ್ಟಿನ ಮೇಲೆ ಬೆಳ್ಳಗೆ, ಎಲೆ ಎಸಳು ಸಮೇತ, ಹದಿನಾಲ್ಕು ಹೂಗಳು ಅಚ್ಚೊತ್ತಿದ್ದವು. ಛಾವಣಿಯ ಮೇಲೆ ಬಳ್ಳಿಯೂ ಇತ್ತು. ಬಾಗಿಲುಗಳ ಮೇಲೆ ಅವರ ಕೈಬೀಸಿನ ಸುತ್ತುಗಳು ಸುಣ್ಣ ಬಳಿದಂತೆ ಕೂತಿದ್ದವು. ಬೈಂಡರು ಹೆಬ್ಬೆರಳಿನಿಂದ ಒಂದು ಎಸಳನ್ನು ಉಜ್ಜಿ ನೋಡಿದರು. ಹೆಬ್ಬೆರಳು ಕೆಂಪಾಯಿತು, ಎಸಳು ಅಲ್ಲಾಡಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತರು. ಬಹಳ ಹೊತ್ತು ಕಾರಿನ ಕಡೆ ನೋಡಿ, ಗೋಡೆ ಹಿಡಿದುಕೊಂಡು ಮಗಳನ್ನು ಕೂಗಿದರು.

"ಇಲ್ಲಿ ಬಾರಮ್ಮ. ಡಾಕ್ಟ್ರು ಎಲ್ಲ ಸರಿಹೋಯ್ತು ಅಂದಿದ್ರು. ನನಗೆ ಕಾರಿನ ಮೇಲೆ ಹೂ ಕಾಣಿಸ್ತಿದೆ."

ಮಗಳು ಬಂದು ನೋಡಿದಳು.

"ನಿನ್ನ ಕಣ್ಣು ಸರಿಯಾಗಿದೆ ಅಮ್ಮ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ರೀ, ಅದು ನನ್ನ ಹೊದಿಕೆ ಅಲ್ವಾ?"

"ಹೊದಿಕೆಗೆ ಏನೂ ಆಗಿಲ್ಲ," ಎಂದರು ಬೈಂಡರು. ಅವರಿಗೆ ಹೊಳೆದ ಸಮಾಧಾನದ ಮಾತು ಅದೊಂದೇ.

ಅವಳು ಬಾಟಲಿ ತೆಗೆದು ಜೋರಾಗಿ ಓದಿದಳು. "ನೆರಳಿನಲ್ಲಿ, ಒಂದು ಸಲಕ್ಕೆ ಒಂದೇ ಭಾಗಕ್ಕೆ, ತೆಳುವಾಗಿ ಹಚ್ಚಿ. ಐದು ನಿಮಿಷದೊಳಗೆ ಒರೆಸಿ ತೆಗೆಯಿರಿ. ಗಟ್ಟಿಯಾಗಲು ಬಿಡಬೇಡಿ." ಮೂರು ಗೆರೆಯಿದ್ದ ಆ ಬರಹದಲ್ಲಿ ಬೈಂಡರು ಮೀರದೆ ಉಳಿಸಿದ ಗೆರೆ ಒಂದೂ ಇರಲಿಲ್ಲ.

ಬೀದಿ ಮೂಲೆಯ ಗ್ಯಾರೇಜಿನವನನ್ನು ಕರೆತಂದರು. ಅವನು ಕಾರಿಗೆ ಒಂದು ಸುತ್ತು ಬಂದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. "ಮೊದಲು ಪಾತ್ರೆ ಸೋಪಿನ ನೀರು. ಆಮೇಲೆ ಸ್ಪಿರಿಟ್ಟಿಗೆ ನೀರು ಬೆರೆಸಿ, ಹಳೇ ಬನಿಯನ್ ಬಟ್ಟೇಲಿ ಅಂಗೈ ಅಗಲ ಅಂಗೈ ಅಗಲ ಉಜ್ಜಿ. ಆದರೂ ಹೋಗದಿದ್ರೆ ಈ ಪಾಲಿಶ್ ಹಾಕಿ. ಬಣ್ಣದ ಮೇಲೆ ಹಚ್ಚಿದ್ದೆಲ್ಲಾ ಹೋಗುತ್ತೆ, ನೋಡ್ಕೊಳ್ಳಿ."

"ಹೋಗ್ಲಿ ಮಾರಾಯ, ಅದೇ ಬೇಕಾಗಿರೋದು," ಎಂದರು ಬೈಂಡರು.

ಗಂಡ ಹೆಂಡತಿ ಉಜ್ಜಲು ಕೂತರು. ಅರ್ಧ ಗಂಟೆಗೆ ಒಂದೂವರೆ ಹೂ ಹೋಯಿತು. ಉಜ್ಜುತ್ತಲೇ ಅವಳ ಕಣ್ಣು ತುಂಬಿ ಬಂತು.

"ಅಣ್ಣ ಇದನ್ನ ನೋಡಿದ್ರೆ ಏನಂದ್ಕೋತಾನೆ ಹೇಳಿ. ಬೇಕೂಂತ ಮಾಡಿದಾಳೆ, ಮೂರು ವರ್ಷದ ಸಿಟ್ಟನ್ನ ಕಾರಿನ ಮೇಲೆ ತೀರಿಸ್ಕೊಂಡಿದಾಳೆ ಅಂದ್ಕೋತಾನೆ. ಇನ್ನು ಈ ಕಡೆ ತಲೆ ಹಾಕ್ತಾನಾ?"

ಬೈಂಡರಿಗೆ ಆಗ ನಿಜವಾಗಿ ಭಯವಾಯಿತು. ತಮ್ಮ ಜಂಬಕ್ಕೆ ತಮಗೇ ನಾಚಿಕೆಯಾಯಿತು. ಎರಡೂ ಕೈಯಿಂದ ಉಜ್ಜತೊಡಗಿದರು.

ಐದಕ್ಕೆ ಬರಬೇಕಾದ ಭಾವ ಮೂರೂವರೆಗೇ ಬಂದರು. ಗೇಟಿನ ಹತ್ತಿರ ನಿಂತರು. ಕಾರಿನ ನಂಬರ್ ನೋಡಿದರು, ಹೂ ನೋಡಿದರು, ಮತ್ತೆ ನಂಬರ್ ನೋಡಿದರು. ಕೊನೆಗೆ ತಂಗಿಯ ಮುಖ ನೋಡಿದರು. ಅವಳು ಸೋಪಿನ ಕೈಯಲ್ಲೇ ಎದ್ದು ನಿಂತಳು. ಮೂರು ವರ್ಷ ತಡೆದಿಟ್ಟಿದ್ದ ಮಾತು ಕಡೆಗೂ ಹೊರಬಂತು.

"ನಾನಲ್ಲ ಅಣ್ಣ, ಇವರು."

ಭಾವ ಗೇಟು ತೆರೆದು ಒಳಗೆ ಬಂದರು. ಬಾನೆಟ್ಟಿನ ಮೇಲೆ ಒಂದು ಬೆರಳು ಎಳೆದು, ಮೂಸಿ ನೋಡಿ, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಶರ್ಟಿನ ತೋಳು ಮಡಚುತ್ತ, "ಒಂದು ಬಟ್ಟೆ ಕೊಡೇ," ಎಂದರು.

ಬಾನೆಟ್ಟಿನ ಆ ಕಡೆ ಅಣ್ಣ, ಈ ಕಡೆ ತಂಗಿ. ಬೈಂಡರನ್ನು ನೀರು ತರುವ ಕೆಲಸಕ್ಕೆ ಇಳಿಸಲಾಯಿತು. ಮೊದಲು "ಆ ಎಸಳು ಬಿಟ್ಟೆ ನೋಡು", "ಈ ಎಲೆ ನಂದು, ನೀನು ಆ ಕಡೆ ಹೋಗು" ಎಂಬಂಥ ಮಾತುಗಳೇ ನಡೆದವು. ಬೈಂಡರು ನಾಲ್ಕನೆಯ ಬಕೆಟ್ಟು ತರುವ ಹೊತ್ತಿಗೆ ಭಾವನ ದನಿ ತಗ್ಗಿತ್ತು.

"ಅಪ್ಪನೇ ನಿನಗೆ ಹೇಳೋದು ಬೇಡ ಅಂದಿದ್ರು ಕಣೇ. ಸುಮ್ನೆ ಹೆದರ್ಕೊಂಡು ಓಡಿ ಬರ್ತಾಳೆ, ನಾಳೆ ಎದ್ದು ಕೂತ್ಕೋತೀನಿ ಅಂದ್ರು. ನಾನೂ ನಂಬಿಬಿಟ್ಟೆ."

ಅವಳ ಕೈ ನಿಂತಿತು. "ಇದನ್ನ ಆಗಲೇ ಹೇಳೋಕೇನಾಗಿತ್ತು?"

"ಆಮೇಲೆ ಅಪ್ಪನ ಮೇಲೆ ತಪ್ಪು ಹೊರಿಸೋಕೆ ಮನಸ್ಸಾಗಲಿಲ್ಲ. ನಂಬಿದ್ದು ನಾನು ತಾನೆ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಗಲೇ ಅಳಿಸಿಹೋಗಿದ್ದ ಎಸಳೊಂದನ್ನು ಭಾವ ಸುಮಾರು ಹೊತ್ತು ಉಜ್ಜುತ್ತಲೇ ಇದ್ದರು. ಬೈಂಡರು ಬಕೆಟ್ಟನ್ನು ಸದ್ದಾಗದಂತೆ ಇಟ್ಟು ಹಿಂದೆ ಸರಿದರು.

ಆರು ಗಂಟೆಯ ಹೊತ್ತಿಗೆ ಕೊನೆಯ ಬಳ್ಳಿಯೂ ಅಳಿಸಿತು. ಬೈಂಡರು ವಿಜಯದ ಗುರುತಾಗಿ ಒಂದು ಬಕೆಟ್ಟು ನೀರನ್ನು ಬಾನೆಟ್ಟಿನ ಮೇಲೆ ಸುರಿದರು. ನೀರು ಒದ್ದೆ ಬಟ್ಟೆಯಂತೆ ಚಪ್ಪಟೆಯಾಗಿ ಹರಡಿಕೊಂಡು ಅಲ್ಲೇ ಬಿದ್ದುಕೊಂಡಿತು.

"ಭಾವ, ಬೆಳಿಗ್ಗೆ ತೊಳೆಯುವಾಗ ನೀರು ಹನಿಹನಿಯಾಗಿ ಉರುಳಿ ಹೋಗ್ತಿತ್ತಲ್ಲ," ಎಂದರು ಬೈಂಡರು ಅನುಮಾನದಿಂದ.

"ಹೋಗ್ತಿತ್ತು. ಹೋದ ತಿಂಗಳಷ್ಟೇ ನಾನೇ ಸೀಲೆಂಟ್ ಹಚ್ಚಿದ್ದೆ. ಎರಡು ಭಾನುವಾರ ಹಿಡೀತು. ನಿಮ್ಮದರ ಜೊತೆ ಅದೂ ಹೋಯ್ತು."

ಬೈಂಡರು ಬಕೆಟ್ಟು ಹಿಡಿದುಕೊಂಡೇ ನಿಂತರು.

"ಅಯ್ಯೋ, ಬಂದ ತಕ್ಷಣ ಹೇಳಬಾರದಾ ಅಣ್ಣ?" ಎಂದಳು ತಂಗಿ. "ಉಜ್ಜೋದನ್ನ ಅಲ್ಲಿಗೇ ನಿಲ್ಲಿಸ್ತಿದ್ವಿ."

"ಅದಕ್ಕೇ ಹೇಳಲಿಲ್ಲ," ಎಂದರು ಭಾವ ಬಟ್ಟೆ ಹಿಂಡುತ್ತ. "ನಿಲ್ಲಿಸಿದ್ರೆ ನೀನು ಒಳಗೆ ಹೊರಟುಹೋಗ್ತಿದ್ದೆ."

ತಂಗಿ ಅಣ್ಣನ ಕೈಯಿಂದ ಆ ಬಟ್ಟೆ ತೆಗೆದುಕೊಂಡಳು. ಆಮೇಲೆ ಅವಳು, "ಬಾ, ಊಟ ಮಾಡ್ಕೊಂಡು ಹೋಗು," ಎಂದಳು.

"ಬರ್ತೀನಿ. ಮುಂದಿನ ಭಾನುವಾರಾನೂ ಬರ್ತೀನಿ. ಮತ್ತೆ ಹಚ್ಚಬೇಕಲ್ಲ. ನೀನು ಬಾಟಲಿ ಓದು, ನಾನು ಹಚ್ತೀನಿ."

"ನಾನೇನು ಮಾಡ್ಲಿ?" ಎಂದು ಕೇಳಿದರು ಬೈಂಡರು.

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಕೊಟ್ಟವರು ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ.

"ನೀವು ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಿ, ಅಳಿಯಂದಿರೇ. ಎರಡೂ ಕೈ ಕಟ್ಕೊಂಡು."

ಭಾನುವಾರಕ್ಕೆ ಇನ್ನೂ ಏಳು ದಿನವಿತ್ತು. ಬೈಂಡರು ಬಕೆಟ್ಟು ಕೆಳಗಿಟ್ಟು, ಹೋಗಿ ಕೂತುಬಿಟ್ಟರು.